ಕವಚದ ಮಾತು: ವಡ್ಡಾರಾಧನೆಯಲ್ಲಿ ಪರಿಚಾರಕನ ಸ್ಥಾನ

೧

ಶಿಗ್ಗಾಂವ ತಾಲ್ಲೂಕಿನ ಬಂಕಾಪುರವು ಇಂದು ತನ್ನ ಹಾಳುಬಿದ್ದ ಕೋಟೆಗೂ, ಅದರೊಳಗಿನ ನಗರೇಶ್ವರ ದೇವಾಲಯದ ಕಂಬಗಳ ಸಾಲಿಗೂ, ಆ ಬಯಲಿನಲ್ಲಿ ನಿರ್ಭಯವಾಗಿ ಸಂಚರಿಸುವ ನವಿಲುಗಳಿಗೂ ಹೆಸರಾಗಿದೆ. ಸಾಹಿತ್ಯಚರಿತ್ರೆಯ ಅಭ್ಯಾಸಿಗೆ ಅದು ಬೇರೆ ಎರಡು ಕಾರಣಗಳಿಂದ ಪರಿಚಿತವಾದ ಊರು. ಗುಣಭದ್ರಾಚಾರ್ಯನ ಉತ್ತರಪುರಾಣದ ಪ್ರಶಸ್ತಿಯಲ್ಲಿ, ಲೋಕಾದಿತ್ಯನು ಬನವಾಸಿ ನಾಡನ್ನು ಆಳುತ್ತಿದ್ದ ಕಾಲದಲ್ಲಿ, ಶಕ ೮೨೦ರಲ್ಲಿ, ಈ ಊರಿನಲ್ಲಿ ಆ ಗ್ರಂಥಕ್ಕೆ ಪೂಜೆ ಸಂದ ಸಂಗತಿ ಬಂದಿದೆ. ಮುಂದೆ ಸು. ೯೭೪ರಲ್ಲಿ ಗಂಗರ ದೊರೆ ಇಮ್ಮಡಿ ಮಾರಸಿಂಹನು ರಾಜ್ಯವನ್ನು ತ್ಯಜಿಸಿ, ಇದೇ ಬಂಕಾಪುರದಲ್ಲಿ ಅಜಿತಸೇನಾಚಾರ್ಯನ ಸನ್ನಿಧಿಯಲ್ಲಿ ಮೂರು ದಿನ ಸಲ್ಲೇಖನವ್ರತವನ್ನು ನಡೆಸಿ ದೇಹವನ್ನು ಬಿಟ್ಟನೆಂದು ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವರ ಕಂಬದ ಶಾಸನದಿಂದ ತಿಳಿದುಬರುತ್ತದೆ. ಚಾವುಂಡರಾಯನಿಗೂ ರನ್ನನಿಗೂ ಗುರುವಾಗಿದ್ದ ಅಜಿತಸೇನನೇ ಈತನು.

ಆ ಮೂರು ದಿನಗಳ ವಿಷಯವಾಗಿ ಶಾಸನ ಹೇಳುವುದು ಇಷ್ಟೇ. ಕದನಗಳಲ್ಲಿ ಮೈದಣಿದ ಆ ದೊರೆ ಮಲಗಿದ್ದ ಹಾಸು ಯಾವುದು, ಅವನನ್ನು ಮಗ್ಗುಲು ಹೊರಳಿಸಿದವರು ಯಾರು, ರಾತ್ರಿಯಲ್ಲಿ ಎಚ್ಚರವಿದ್ದವರು ಯಾರು, ನೋವಿನಲ್ಲಿ ಅವನು ನರಳಿದಾಗ ಮಾತನಾಡಿಸಿದವರು ಯಾರು ಎಂಬುದನ್ನು ಅದು ತಿಳಿಸುವುದಿಲ್ಲ. ತಿಳಿಸಬೇಕಾದ ಅಗತ್ಯವೂ ಅದಕ್ಕಿರಲಿಲ್ಲ; ದೊರೆಯ ಜಯಗಳನ್ನೂ ಅವನ ಮರಣದ ಘನತೆಯನ್ನೂ ಸ್ಥಾಪಿಸುವುದು ಅದರ ಕಾರ್ಯ. ನಾಡಿನ ಉದ್ದಗಲಕ್ಕೂ ದೊರೆತಿರುವ ನಿಸಿಧಿಗಲ್ಲುಗಳ ರೀತಿಯೂ ಸಾಮಾನ್ಯವಾಗಿ ಹೀಗೆಯೇ ಇದೆ. ಮುಡಿಪಿದವರ ಹೆಸರು, ಗುರುವಿನ ಹೆಸರು, ಕಲ್ಲನ್ನು ನಿಲ್ಲಿಸಿದವರ ಹೆಸರು ಅವುಗಳಲ್ಲಿ ಬರುವುವು. ಕೊನೆಯ ದಿನಗಳಲ್ಲಿ ಬಳಿಯಿದ್ದು ಮೈ ಮುಟ್ಟಿ ಸೇವೆ ಮಾಡಿದವರ ಹೆಸರು ಬರುವುದು ಅಪೂರ್ವ.

ಶಾಸನದ ಈ ಮೌನ ಸಹಜವಾದುದು. ಆದರೆ ನಮ್ಮ ಸಾಹಿತ್ಯವಿಮರ್ಶೆಯೂ ಅದೇ ಮೌನವನ್ನು ಅನುಸರಿಸಿ ಬಂದಿರುವುದನ್ನು ಸಹಜವೆನ್ನಲಾಗದು. ವಡ್ಡಾರಾಧನೆಯನ್ನು ಓದುವಾಗ ನಾವೆಲ್ಲರೂ ನೋವನ್ನು ಸಹಿಸಿದ ಮಹಾಪುರುಷರನ್ನು ಕಾಣುತ್ತೇವೆ, ಅವರ ಸ್ಥೈರ್ಯಕ್ಕೆ ಬೆರಗಾಗುತ್ತೇವೆ, ಅಥವಾ ಆ ಹಿಂಸೆಯ ವರ್ಣನೆಗೆ ಬೆದರುತ್ತೇವೆ. ಆ ಕಥೆಗಳನ್ನು ಯಾರು ಯಾರಿಗೆ, ಯಾವ ಹೊತ್ತಿನಲ್ಲಿ ಹೇಳಬೇಕೆಂದು ಮೂಲದಲ್ಲಿ ಉದ್ದೇಶಿಸಲಾಗಿತ್ತು ಎಂಬುದನ್ನು ಮರೆಯುತ್ತೇವೆ. ಅವು ಹಾಸಿಗೆ ಹಿಡಿದವನೊಬ್ಬನ ಮಗ್ಗುಲಲ್ಲಿ ಕುಳಿತು ಪರಿಚಾರಕನು ಆಡುವ ಮಾತುಗಳು ಎಂಬುದನ್ನೂ, ಈ ತಿಳಿವಿನಿಂದ ಓದಿದರೆ ಕೃತಿಯ ಗುಣದೋಷಗಳೆರಡೂ ಹೊಸದಾಗಿ ತೋರುವುವೆಂಬುದನ್ನೂ ಇಲ್ಲಿ ನಿರೂಪಿಸಲು ಯತ್ನಿಸುತ್ತೇವೆ. ರೋಗಿಯನ್ನು ಕೇಂದ್ರವಾಗಿಟ್ಟುಕೊಂಡ ಶುಶ್ರೂಷೆ, ರೋಗಿಯ ಸುರಕ್ಷತೆ ಎಂಬ ಮಾತುಗಳು ಇಂದು ದಾದಿಯರ ಶಿಕ್ಷಣದಲ್ಲಿ ಪದೇ ಪದೇ ಕೇಳಿಬರುತ್ತಿರುವುದರಿಂದ ಈ ವಿಚಾರ ಕೇವಲ ಪ್ರಾಚೀನಾಸಕ್ತರದೆಂದು ನಾವು ಭಾವಿಸುವುದಿಲ್ಲ.

೨

ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳನ್ನು ಡಿ. ಎಲ್. ನರಸಿಂಹಾಚಾರ್ಯರು ೧೯೪೯ರಲ್ಲಿ ಸಂಪಾದಿಸಿ ಪ್ರಕಟಿಸಿದಂದಿನಿಂದ ಕೃತಿಯ ಕಾಲ, ಕರ್ತೃ, ಹೆಸರು ಇವುಗಳನ್ನು ಕುರಿತ ಚರ್ಚೆ ನಿಂತಿಲ್ಲ. ಶಿವಕೋಟ್ಯಾಚಾರ್ಯನ ಕೃತಿಯೆಂಬುದು ಒಂದು ಮತ. ಭ್ರಾಜಿಷ್ಣುವಿನ ಆರಾಧನಾ ಕರ್ಣಾಟ ಟೀಕೆಯೇ ಇದೆಂಬುದು ಇನ್ನೊಂದು. ಆ ವಿವಾದವನ್ನು ನಾವು ಇಲ್ಲಿ ಪ್ರವೇಶಿಸುವುದಿಲ್ಲ. ನಮ್ಮ ಉದ್ದೇಶಕ್ಕೆ ಬೇಕಾದ ಸಂಗತಿಯ ವಿಷಯದಲ್ಲಿ ವಿದ್ವಾಂಸರಲ್ಲಿ ಬಹುಮಟ್ಟಿಗೆ ಒಮ್ಮತವುಂಟು. ಪ್ರತಿಯೊಂದು ಕಥೆಯ ತಲೆಯಲ್ಲಿಯೂ ಒಂದು ಪ್ರಾಕೃತ ಗಾಹೆ ಇದೆ. ಆ ಗಾಹೆಗಳು ಶಿವಾರ್ಯನ ಭಗವತೀ ಆರಾಧನೆಯವು. ಆ. ನೇ. ಉಪಾಧ್ಯೆಯವರು ೧೯೪೩ರಲ್ಲಿ ಹರಿಷೇಣನ ಬೃಹತ್ಕಥಾಕೋಶವನ್ನು ಪ್ರಕಟಿಸಿದಾಗ ಅದರ ವಿಸ್ತಾರವಾದ ಪೀಠಿಕೆಯಲ್ಲಿ ಆರಾಧನಾಕಥೆಗಳ ಈ ವಂಶವೃಕ್ಷವನ್ನು ಬಿಡಿಸಿ ತೋರಿಸಿದರು.

ಭಗವತೀ ಆರಾಧನೆ ಎರಡು ಸಾವಿರಕ್ಕೂ ಮೇಲ್ಪಟ್ಟ ಗಾಹೆಗಳ ದೊಡ್ಡ ಗ್ರಂಥ. ಸಮಾಧಿಮರಣವನ್ನು ಕೈಕೊಂಡ ಯತಿಯನ್ನು ಅದು ಕ್ಷಪಕನೆಂದು ಕರೆಯುತ್ತದೆ. ಅವನನ್ನು ದಡ ಮುಟ್ಟಿಸುವ ಪರಿಚಾರಕರನ್ನು ನಿರ್ಯಾಪಕರೆಂದು ಕರೆಯುತ್ತದೆ. ಗ್ರಂಥದ ಒಂದು ಅಧಿಕಾರಕ್ಕೆ ಕವಚವೆಂದು ಹೆಸರು. ಕ್ಷಪಕನು ಹಸಿವು, ನೀರಡಿಕೆ, ರೋಗ, ವೇದನೆಗಳಿಂದ ಕದಡಿ ಹೋದಾಗ ಅವನ ಮನಸ್ಸಿಗೆ ತೊಡಿಸಬೇಕಾದ ರಕ್ಷೆಯೇ ಕವಚ. ವಡ್ಡಾರಾಧನೆಯ ಹತ್ತೊಂಬತ್ತು ಗಾಹೆಗಳೂ ಈ ಕವಚಾಧಿಕಾರದಲ್ಲಿ ಬರತಕ್ಕವು. ಹಾಗಾದರೆ, ಇವು ಮೊದಲಿಗೆ ಸಭೆಯಲ್ಲಿ ಕುಳಿತವರಿಗಾಗಿ ಹುಟ್ಟಿದ ಕಥೆಗಳಾಗಿರಲಿಲ್ಲ. ಮಲಗಿದವನಿಗಾಗಿ ಹುಟ್ಟಿದ ಕಥೆಗಳಾಗಿದ್ದುವು. ಈ ಸಂಗತಿಯನ್ನು ಆಕರಶೋಧನೆಯ ಅಡಿಟಿಪ್ಪಣಿಯಲ್ಲಿ ಇಟ್ಟುಬಿಡುವುದು ವಾಡಿಕೆಯಾಗಿದೆ. ಅದನ್ನು ಕೃತಿಯ ಅರ್ಥದೊಳಕ್ಕೆ ತರಬೇಕೆಂಬುದು ನಮ್ಮ ವಾದ.

೩

ಕವಚದ ಮಾತಿಗೆ ಬರುವ ಮುನ್ನ ಆ ಹಾಸಿಗೆಯ ಸುತ್ತಣ ವ್ಯವಸ್ಥೆಯನ್ನು ನೋಡಬೇಕು. ಶಿವಾರ್ಯನು ಒಬ್ಬ ಕ್ಷಪಕನಿಗೆ ನಲವತ್ತೆಂಟು ಮಂದಿ ನಿರ್ಯಾಪಕರನ್ನು ವಿಧಿಸಿ, ಅವರನ್ನು ನಾಲ್ವರಂತೆ ಹನ್ನೆರಡು ಗುಂಪುಗಳಾಗಿ ವಿಂಗಡಿಸುತ್ತಾನೆ. ನಾಲ್ವರು ಅವನನ್ನು ಎತ್ತುವುದು, ಕೂಡಿಸುವುದು, ನಡೆಸುವುದು, ಮಗ್ಗುಲು ಹೊರಳಿಸುವುದು ಇವುಗಳಿಗೆ, ನಾಲ್ವರು ಧರ್ಮಕಥೆಯನ್ನು ಹೇಳುವುದಕ್ಕೆ, ನಾಲ್ವರು ಅವನಿಗೆ ಹಿಡಿಸುವ ಆಹಾರವನ್ನೂ, ನಾಲ್ವರು ಪಾನವನ್ನೂ ಬೇಸರಿಸದೆ ತರುವುದಕ್ಕೆ, ಹಾಗೆ ತಂದುದನ್ನು ಕೆಡದಂತೆ ಕಾಯುವುದಕ್ಕೆ ನಾಲ್ವರು, ಮಲಮೂತ್ರಗಳನ್ನು ತೆಗೆದು, ಹಾಸನ್ನೂ ಇರುವ ಎಡೆಯನ್ನೂ ಬೆಳಗು ಬೈಗು ಶೋಧಿಸುವುದಕ್ಕೆ ನಾಲ್ವರು, ಬಾಗಿಲಲ್ಲಿ ನಾಲ್ವರು, ರಾತ್ರಿ ಎಚ್ಚರವಿರುವುದಕ್ಕೆ ನಾಲ್ವರು. ನೋಡಬಂದ ಜನರನ್ನು ಹೊರಗೇ ಕೂಡಿಸಿ ಅವರಿಗೆ ಕಥೆ ಹೇಳುವುದಕ್ಕೂ ನಾಲ್ವರುಂಟು. ನಾಡಿನ ಆಗುಹೋಗುಗಳನ್ನು ಅರಿಯುವುದು, ಧರ್ಮಸಭೆಯ ಬಾಗಿಲನ್ನು ಕಾಯುವುದು, ವಾದಿಗಳನ್ನು ಎದುರಿಸುವುದು ಮಿಕ್ಕವರ ಕೆಲಸ.

ವಸತಿಯ ವಿಷಯದಲ್ಲಿಯೂ ಇಂಥದೇ ಎಚ್ಚರಿಕೆ. ಹಾಡುಗಾರರು, ಗಾಣಿಗರು, ಕುಂಬಾರರು ಮೊದಲಾದವರ ಸದ್ದುಗದ್ದಲದ ಬಳಿ ಕ್ಷಪಕನನ್ನು ಇರಿಸಲಾಗದು. ಹಾಸು ನೆಲ, ಕಲ್ಲು, ಹಲಗೆ, ಹುಲ್ಲು ಈ ನಾಲ್ಕರಲ್ಲಿ ಒಂದಾಗಬಹುದು. ಹುಲ್ಲಾದರೆ ಗಂಟಿಲ್ಲದ, ಸಂದಿಲ್ಲದ, ಮೆತ್ತನೆಯ, ಹುಳುವಿಲ್ಲದೆಂದು ಕಣ್ಣಿನಿಂದ ನೋಡಿ ತಿಳಿಯಬಹುದಾದ ಹುಲ್ಲಾಗಬೇಕು. ಬಾಯೊಣಗಿ ನಾಲಗೆ ಏಳದವನಿಗೆ ಎಣ್ಣೆಯಿಂದಲೂ ಕಷಾಯದಿಂದಲೂ ಬಾಯಿ ಮುಕ್ಕಳಿಸಿಸಬೇಕು. ಅದರಿಂದ ನಾಲಗೆಗೂ ಕಿವಿಗೂ ಬಲ ಬಂದು ಬಾಯಿ ತಿಳಿಯಾಗುವುದು. ಆಚಾರ್ಯನ ಎಂಟು ಗುಣಗಳಲ್ಲಿ ಅಪರಿಸ್ರಾವಿತ್ವವೆಂಬುದೊಂದು. ಕಾದ ಕಬ್ಬಿಣವು ಕುಡಿದ ನೀರು ಹೇಗೆ ಮತ್ತೆ ಹೊರಕ್ಕೆ ಸೋರದೋ ಹಾಗೆ, ಕ್ಷಪಕನು ತನ್ನಲ್ಲಿ ಹೇಳಿಕೊಂಡ ದೋಷಗಳನ್ನು ಅವನು ಇನ್ನೊಬ್ಬರ ಮುಂದೆ ಆಡಬಾರದು.

ಇದನ್ನು ವೈದ್ಯಗ್ರಂಥಗಳೊಡನೆ ಹೋಲಿಸಿದರೆ ಭೇದ ಸ್ಪಷ್ಟವಾಗುವುದು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಯ ನಾಲ್ಕು ಪಾದಗಳು ಬರುವುವು: ವೈದ್ಯ, ಔಷಧ, ಪರಿಚಾರಕ, ರೋಗಿ. ಉಪಚಾರದ ತಿಳಿವಳಿಕೆ, ದಕ್ಷತೆ, ಅನುರಾಗ, ಶುಚಿತ್ವ ಇವು ಪರಿಚಾರಕನ ಗುಣಗಳು. ಇದು ಬೆಲೆಯುಳ್ಳ ಮಾತೇ ಸರಿ. ಆದರೂ ಅಲ್ಲಿ ವೈದ್ಯನೇ ಪ್ರಧಾನ. ಹೇಳಿದಂತೆ ನಡೆಯುವುದು ರೋಗಿಯ ಗುಣಗಳಲ್ಲಿ ಒಂದು. ಕನ್ನಡದಲ್ಲಿ ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕದಿಂದ ಮೊದಲಾಗಿ ಬೆಳೆದು ಬಂದ ವೈದ್ಯವಾಙ್ಮಯವೂ ಮುಖ್ಯವಾಗಿ ಔಷಧವನ್ನೇ ಕುರಿತದ್ದು. ಆರಾಧನೆಯಲ್ಲಾದರೋ ಗುಣಪಡಿಸುವ ಆಸೆಯನ್ನು ಆಗಲೇ ಬಿಟ್ಟಾಗಿದೆ. ಆದುದರಿಂದಲೇ ಉಳಿದುದು ಪರಿಚರ್ಯೆಯೊಂದೇ. ಆ ಪರಿಚರ್ಯೆಯ ಅಳತೆಗೋಲು ಮಲಗಿದವನ ಸಮಾಧಾನವೊಂದೇ.

ಫ್ಲಾರೆನ್ಸ್ ನೈಟಿಂಗೇಲ್ ೧೮೫೯ರ ಕೊನೆಯಲ್ಲಿ ಪ್ರಕಟಿಸಿದ ಶುಶ್ರೂಷೆಯ ಟಿಪ್ಪಣಿಗಳಲ್ಲಿ ಸದ್ದು, ಹಾಸಿಗೆ, ಆಹಾರ, ಶುಚಿತ್ವ, ನೋಡಬಂದವರ ಪೊಳ್ಳು ಸಮಾಧಾನದ ಮಾತು ಇವುಗಳಿಗೆ ಬೇರೆ ಬೇರೆ ಅಧ್ಯಾಯಗಳಿವೆ. ಇವೆರಡಕ್ಕೂ ಯಾವ ಸಂಬಂಧವೂ ಇಲ್ಲ. ನಮ್ಮಲ್ಲಿ ಎಲ್ಲವೂ ಮೊದಲೇ ಇದ್ದಿತೆಂದು ಹೆಮ್ಮೆಪಡುವುದಕ್ಕಾಗಿ ಈ ಹೋಲಿಕೆಯನ್ನು ತಂದುದೂ ಅಲ್ಲ. ಹಾಸಿಗೆಯ ಬಳಿ ಬಹುಕಾಲ ನಿಂತು ನೋಡಿದವರ ಕಣ್ಣಿಗೆ ಎಲ್ಲಿಯಾದರೂ ಬೀಳುವ ವಸ್ತುಗಳು ಇವೇ ಎಂಬುದಷ್ಟೇ ಇದರಿಂದ ಸಿದ್ಧವಾಗುವುದು. ಶಿವಾರ್ಯನ ಗಾಹೆಗಳು ಕೇವಲ ತತ್ತ್ವವನ್ನು ಬಲ್ಲವನ ಮಾತುಗಳಾಗಿರದೆ, ರೋಗಿಯ ಬಳಿ ರಾತ್ರಿ ಕಳೆದವರ ಅನುಭವವನ್ನು ಒಳಗೊಂಡಿರುವುವೆಂದು ನಾವು ನಂಬಲು ಇದೇ ಆಧಾರ.

೪

ಈಗ ಕವಚಕ್ಕೆ ಬರೋಣ. ಇಲ್ಲಿ ಕ್ರಮವನ್ನು ಗಮನಿಸುವುದು ಅವಶ್ಯ. ಕ್ಷಪಕನಿಗೆ ವೇದನೆ ತಲೆದೋರಿದೊಡನೆ ಕಥೆ ಹೇಳತೊಡಗಬೇಕೆಂದು ಶಿವಾರ್ಯನು ಹೇಳುವುದಿಲ್ಲ. ಮೊದಲು ಬಸ್ತಿ, ಶಾಖ, ಲೇಪ, ಶೀತೋಪಚಾರ, ಅಭ್ಯಂಗ, ಮರ್ದನ ಮೊದಲಾದುವುಗಳಿಂದ ವೇದನೆಯನ್ನು ಶಮನಗೊಳಿಸಬೇಕು. ಅದರಿಂದಲೂ ನೋವು ಇಳಿಯದೆ, ಅವನ ಮನಸ್ಸು ಕದಡಿದಾಗ ಮಾತಿನ ಸರದಿ. ಆ ಮಾತಾದರೂ ಸ್ನಿಗ್ಧವೂ ಮಧುರವೂ ಹೃದಯಕ್ಕೆ ಹೋಗುವಂಥದೂ ಆಗಬೇಕು, ಕಟುವಾಗಿ ಗದರಿಸಲಾಗದು. ಮೈಗೆ ಆಗಬೇಕಾದುದೆಲ್ಲ ಆದ ಮೇಲೆ ಮನಸ್ಸಿಗೆ ಹೇಳುವ ಮಾತೆಂಬುದನ್ನು ಮರೆತರೆ ವಡ್ಡಾರಾಧನೆ ನಿರ್ದಯವಾದ ಗ್ರಂಥವಾಗಿ ಕಾಣುವುದರಲ್ಲಿ ಆಶ್ಚರ್ಯವಿಲ್ಲ.

ಕಥೆಗಳನ್ನು ಈ ದೃಷ್ಟಿಯಿಂದ ಸಾಲಾಗಿ ನೋಡಿದರೆ ಅವು ನೋವಿನ ಒಂದು ಪಟ್ಟಿಯಾಗಿ ತೋರುವುವು. ಭದ್ರಬಾಹು ಭಟಾರರದು ಹಸಿವು. ಧರ್ಮಘೋಷ ಭಟಾರರದು ನೀರಡಿಕೆ. ಸಿರಿದಿಣ್ಣ ಭಟಾರರದು ಚಳಿ. ವೃಷಭಸೇನ ಭಟಾರರದು ಬಿಸಿಲು, ಬಿಸಿಗಾಳಿ, ಕಾದ ಬಂಡೆ. ವಿದ್ಯುಚ್ಚೋರನದು ಸೊಳ್ಳೆ ನೊಣಗಳ ಬಾಧೆ, ಚಿಲಾತಪುತ್ರನದು ಇರುವೆಗಳದು. ಸನತ್ಕುಮಾರ ಚಕ್ರವರ್ತಿಯದು ತುರಿ, ಜ್ವರ, ಕೆಮ್ಮು, ಶೋಷ, ಕಣ್ಣುನೋವು, ಹೊಟ್ಟೆನೋವು. ಒಂದೊಂದು ನೋವಿಗೂ ಒಬ್ಬ ಜೊತೆಗಾರನು ಇಲ್ಲಿದ್ದಾನೆ. ನೀರಡಿಕೆಯಿಂದ ಬಳಲುವವನಿಗೆ ಚಳಿಯ ಕಥೆಯನ್ನು ಹೇಳಿ ಫಲವಿಲ್ಲವೆಂಬುದನ್ನು ಗಾಹೆಗಳನ್ನು ರಚಿಸಿದವನು ಬಲ್ಲನು. ಇಂದಿನ ದಾದಿಯು ನೋವು ಎಲ್ಲಿ, ಎಂಥದು, ಎಷ್ಟು ಎಂದು ರೋಗಿಯನ್ನೇ ಕೇಳಿ ತಿಳಿಯುವಳಷ್ಟೆ. ಕಥೆಯನ್ನು ಆಯ್ದುಕೊಳ್ಳುವ ಮುನ್ನ ನಿರ್ಯಾಪಕನಿಗೂ ಆ ತಿಳಿವು ಅವಶ್ಯವಾಗಿದ್ದಿತು.

ಪ್ರತಿಯೊಂದು ಕಥೆಯ ಕೊನೆಯಲ್ಲಿಯೂ, ಆರಾಧಕರಾದ ಇತರರೂ ಈ ಮಹಾತ್ಮನನ್ನು ಮನದಲ್ಲಿ ನೆನೆದು ಹಸಿವು ನೀರಡಿಕೆ ಮೊದಲಾದ ವೇದನೆಗಳನ್ನು ಸಹಿಸಿ ರತ್ನತ್ರಯವನ್ನು ಸಾಧಿಸಲಿ ಎಂಬ ಅರ್ಥದ ವಾಕ್ಯ ಮರಳಿ ಮರಳಿ ಬರುತ್ತದೆ. ಇದನ್ನು ಯಾಂತ್ರಿಕವಾದ ಪಲ್ಲವಿಯೆಂದು ಕಡೆಗಣಿಸುವುದು ಸುಲಭ. ನಮಗೆ ಇದು ಇಡೀ ಕೃತಿಯಲ್ಲಿ ಅತ್ಯಂತ ಮುಖ್ಯವಾದ ವಾಕ್ಯವೆಂದು ತೋರುತ್ತದೆ. ಕಥೆಗಾರನು ದ್ವೀಪ, ದೇಶ, ನಗರ, ಭವಾವಳಿಗಳನ್ನೆಲ್ಲ ಸುತ್ತಿ ಬಂದು, ಇಲ್ಲಿ ಹಾಸಿಗೆಯ ಕಡೆಗೆ ಮುಖವನ್ನು ತಿರುಗಿಸುತ್ತಾನೆ. ಸುಕುಮಾರಸ್ವಾಮಿಯನ್ನು ನರಿಯು ತನ್ನ ಮರಿಗಳೊಡನೆ ಮೂರು ದಿನ ತಿಂದ ವರ್ಣನೆ ಆರೋಗ್ಯವಂತನಾದ ಓದುಗನಿಗೆ ಭೀಕರ. ನೋವಿನಲ್ಲಿ ಮಲಗಿರುವವನಿಗೆ ಅದು ಬೇರೆ ಅರ್ಥವನ್ನು ಕೊಟ್ಟೀತು: ತನ್ನ ನೋವನ್ನು ಇತರರು ಅಲ್ಲಗಳೆಯುತ್ತಿಲ್ಲ, ಅದಕ್ಕೆ ಅಳತೆಯುಂಟು, ಹೆಸರುಂಟು, ಅದನ್ನು ತನಗಿಂತ ಮೊದಲು ಹೊತ್ತವರುಂಟು ಎಂಬ ಅರ್ಥ.

ಕೃತಿಯ ದೋಷವೂ ಇಲ್ಲಿಂದಲೇ ಕಾಣುತ್ತದೆ. ಕನ್ನಡ ಕಥೆಗಾರನ ಕೈಯಲ್ಲಿ ಕಥೆಗಳು ಬೆಳೆದು ಹಬ್ಬಿವೆ. ಸೆಟ್ಟಿಗಳ ಸಿರಿ, ಅರಮನೆಯ ಸಂಚು, ಹಿಂದಿನ ಭವಗಳ ಹಗೆ ಇವೆಲ್ಲ ಸೊಗಸಾದ ಗದ್ಯದಲ್ಲಿ ಬಂದು, ಹಾಸಿಗೆಯೂ ಅದರ ಬಳಿ ಕುಳಿತವನೂ ಮರೆಯಾಗುತ್ತಾರೆ. ಕಥಾಶರೀರಗಳಿಂದ ನಿರ್ಯಾಪಕನು ಬಹುಮಟ್ಟಿಗೆ ಕಣ್ಮರೆಯಾಗಿದ್ದಾನೆ. ಕಾಡಿನಲ್ಲಿ, ಸುಡುಗಾಡಿನಲ್ಲಿ, ಹೊಳೆಯ ದಡದಲ್ಲಿ ಒಬ್ಬಂಟಿಗನಾಗಿ ನೋವನ್ನುಂಡ ವೀರನು ಮಾತ್ರ ಉಳಿಯುತ್ತಾನೆ. ನಲವತ್ತೆಂಟು ಮಂದಿಯ ನೆರವನ್ನು ವಿಧಿಸುವ ಗ್ರಂಥದಿಂದ ಹೊರಟ ಕಥೆಗಳು ಯಾರ ನೆರವೂ ಇಲ್ಲದ ಸಾವನ್ನೇ ಆದರ್ಶವಾಗಿ ಚಿತ್ರಿಸಿದುದು ವಿಚಿತ್ರವಾದ ಪರಿಣಾಮ. ಓದುಗರೂ ವಿಮರ್ಶಕರೂ ಆ ಒಂಟಿ ವೀರನನ್ನೇ ನಂಬಿದರು.

೫

ಇದಕ್ಕೆ ವಡ್ಡಾರಾಧನೆಯಲ್ಲಿಯೇ ಒಂದು ಅಪವಾದವುಂಟು. ಭದ್ರಬಾಹು ಭಟಾರರ ಕಥೆಯಲ್ಲಿ, ಹನ್ನೆರಡು ವರ್ಷಗಳ ಕ್ಷಾಮದ ಕಾಲದಲ್ಲಿ ಸಂಘವು ಮುಂದೆ ಸಾಗಲಾಗಿ, ಗುರುವು ಕಳ್ಬಪ್ಪಿನಲ್ಲಿ ನಿಂತು ಸಂನ್ಯಸನವನ್ನು ಕೈಕೊಳ್ಳುತ್ತಾನೆ. ಸಂಪ್ರತಿ ಚಂದ್ರಗುಪ್ತಮುನಿ ಒಬ್ಬನೇ ಶುಶ್ರೂಷೆಗಾಗಿ ಬಳಿಯಲ್ಲಿ ಉಳಿಯುತ್ತಾನೆ. ಉಪವಾಸವಿರುವುದು ಗುರುವಿನ ವ್ರತ. ಶಿಷ್ಯನಿಗೆ ಅಂಥ ವ್ರತವಿಲ್ಲ. ಆದರೂ ಗುರುವನ್ನು ಬಿಟ್ಟು ಅವನು ಭಿಕ್ಷೆಗೆ ಹೋಗುವುದೆಂತು? ಆ ಕಾಡಿನಲ್ಲಿ ಭಿಕ್ಷೆಯಿಕ್ಕುವವರಾದರೂ ಯಾರು? ಗುರುವೇ ಅವನಿಗೆ ಕಾಂತಾರಭಿಕ್ಷೆಗೆ ಹೋಗೆಂದು ಹೇಳುತ್ತಾನೆ. ಮುಂದೆ ದೇವತೆಗಳು ನೆರವಿಗೆ ಬರುವ ಅದ್ಭುತವೂ ಶಿಷ್ಯನ ಆಚಾರಶುದ್ಧಿಯ ಪರೀಕ್ಷೆಯೂ ನಡೆಯುವುವು.

ಇತಿಹಾಸಕಾರರು ಈ ಕಥೆಯನ್ನು ಮೌರ್ಯ ಚಂದ್ರಗುಪ್ತನು ಕನ್ನಡನಾಡಿಗೆ ಬಂದನೆ ಇಲ್ಲವೆ ಎಂಬ ಪ್ರಶ್ನೆಗಾಗಿಯೇ ಓದಿದ್ದಾರೆ. ನಮಗೆ ಇದರಲ್ಲಿ ಮುಖ್ಯವಾಗಿ ತೋರುವುದು ಶಿವಾರ್ಯನ ಒಂದು ನಿಯಮದ ನೆರಳು. ನಲವತ್ತೆಂಟು ಮಂದಿ ದೊರೆಯದಿದ್ದಾಗ ಕಾಲಕ್ಕೆ ತಕ್ಕಂತೆ ಸಂಖ್ಯೆಯನ್ನು ಇಳಿಸಬಹುದೆಂದು ಅವನು ಹೇಳುತ್ತಾನೆ. ಆದರೆ ಇಬ್ಬರಿಗಿಂತ ಕಡಿಮೆಯಾಗಕೂಡದು. ಒಬ್ಬನೇ ನಿರ್ಯಾಪಕನಾದರೆ ಅವನು ತನ್ನನ್ನು ತೊರೆದಂತೆಯೂ ಆಗುವುದು, ಕ್ಷಪಕನನ್ನು ತೊರೆದಂತೆಯೂ ಆಗುವುದು, ಪ್ರವಚನವನ್ನೇ ತೊರೆದಂತೆಯೂ ಆಗುವುದು. ಅವನು ಉಣ್ಣಲು ಹೋದರೆ ಮಲಗಿದವನು ಅನಾಥ. ಹೋಗದಿದ್ದರೆ ಅವನೇ ಕೆಡುವನು. ಭದ್ರಬಾಹುವಿನ ಕಥೆಯು ಈ ಇಕ್ಕಟ್ಟಿಗೆ ರೂಪವನ್ನು ಕೊಟ್ಟಿದೆ. ಅಲ್ಲಿ ಅದ್ಭುತ ನಡೆಯಲೇಬೇಕಾಗುತ್ತದೆ. ಏಕೆಂದರೆ ಅದ್ಭುತವಿಲ್ಲದೆ ಒಬ್ಬ ಪರಿಚಾರಕನಿಂದ ಆ ಕಾರ್ಯ ಸಾಗದು. ಹಾಸಿಗೆಯಲ್ಲಿರುವ ಗುರುವು ಪರಿಚಾರಕನ ಹೊಟ್ಟೆಯನ್ನು ಕುರಿತು ಚಿಂತಿಸುವ ಆ ಚಿಕ್ಕ ಸನ್ನಿವೇಶವನ್ನು ನಾವು ವಡ್ಡಾರಾಧನೆಯ ಅತ್ಯಂತ ಮಾನುಷವಾದ ಎಡೆಗಳಲ್ಲಿ ಒಂದೆಂದು ಎಣಿಸುತ್ತೇವೆ.

ಆ ನಿಯಮದ ಸತ್ಯವನ್ನು ಇತ್ತೀಚಿನ ಶೋಧನೆಯೂ ಬೇರೆ ದಾರಿಯಿಂದ ಮುಟ್ಟಿದೆ. ಲಿಂಡಾ ಏಕನ್ ಮತ್ತು ಸಂಗಡಿಗರು ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ೧೬೮ ಆಸ್ಪತ್ರೆಗಳನ್ನು ಅಭ್ಯಸಿಸಿ ೨೦೦೨ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಒಬ್ಬ ದಾದಿಯ ಪಾಲಿಗೆ ಶಸ್ತ್ರಚಿಕಿತ್ಸೆಯಾದ ರೋಗಿಯೊಬ್ಬನು ಹೆಚ್ಚಾದಂತೆಲ್ಲ, ಮೂವತ್ತು ದಿನಗಳೊಳಗೆ ರೋಗಿ ಮರಣಹೊಂದುವ ಸಂಭವ ಶೇಕಡ ೭ರಷ್ಟು ಏರುವುದು. ದಾದಿಯರ ಬಳಲಿಕೆಯೂ ಅದರೊಡನೆ ಏರುವುದು. ಪರಿಚಾರಕಳ ಕ್ಷೇಮ, ರೋಗಿಯ ಕ್ಷೇಮ ಇವು ಎರಡಲ್ಲವೆಂಬುದೇ ಎರಡು ಕಡೆಯ ತಾತ್ಪರ್ಯ.

೬

ಪರಿಚಾರಕನನ್ನೇ ನಾಯಕನನ್ನಾಗಿ ಮಾಡಿದ ಕಥೆ ಕನ್ನಡದಲ್ಲಿ ಇಲ್ಲವೆ ಎಂಬ ಪ್ರಶ್ನೆ ಇಲ್ಲಿ ಏಳುವುದು ಸಹಜ. ಉಂಟು. ಮುಳುಗುಂದದ ನಯಸೇನನು ಸು. ೧೧೧೨ರಲ್ಲಿ ರಚಿಸಿದ ಧರ್ಮಾಮೃತದಲ್ಲಿ ನಿರ್ವಿಚಿಕಿತ್ಸೆ, ಎಂದರೆ ಹೇಸದಿರುವಿಕೆ, ಎಂಬ ಗುಣಕ್ಕೆ ಉದ್ದಾಯನ ಮಹಾರಾಜನ ಕಥೆ ನಿದರ್ಶನವಾಗಿ ಬಂದಿದೆ. ಜೈನ ಕಥಾಪರಂಪರೆಯಲ್ಲಿ ಪ್ರಸಿದ್ಧವಾಗಿರುವಂತೆ, ದೇವನೊಬ್ಬನು ಮೈಯೆಲ್ಲ ಕೊಳೆತು ನಾರುವ ಯತಿಯ ವೇಷದಿಂದ ಬಂದು, ಉಂಡುದನ್ನೆಲ್ಲ ರಾಜನ ಮೇಲೆಯೇ ಕಾರುತ್ತಾನೆ. ಪರಿವಾರ ಓಡಿಹೋಗುವುದು, ರಾಜನೂ ರಾಣಿಯೂ ನಿಂತು ಅವನನ್ನು ತೊಳೆಯುವರು. ಹೇಸಲಿಲ್ಲವೆಂಬುದು ಕಥೆಯ ಪ್ರಕಟವಾದ ನೀತಿ. ನಾವು ಗಮನಿಸಬೇಕಾದುದು ಆ ಹೊತ್ತಿನಲ್ಲಿ ಉದ್ದಾಯನನಿಗೆ ತೋರುವ ಮೊದಲ ವಿಚಾರವನ್ನು. ಈತನ ಮೈಗೆ ಒಗ್ಗದ ಆಹಾರವನ್ನು ತಾನೇ ಇಕ್ಕಿರಬೇಕೆಂದು ಅವನು ತನ್ನನ್ನು ಹಳಿದುಕೊಳ್ಳುತ್ತಾನೆ. ರೋಗಿಯನ್ನು ದೂರುವ ಮುನ್ನ ತನ್ನ ಕೈಯ ತಪ್ಪನ್ನು ಹುಡುಕುವ ಈ ನಡತೆಯಲ್ಲಿ ಕನಿಕರಕ್ಕಿಂತ ಮಿಗಿಲಾದುದೊಂದು ಇದೆ. ಅಮೆರಿಕದ ವೈದ್ಯಸಂಸ್ಥೆಯು ೧೯೯೯ರಲ್ಲಿ ಹೊರಡಿಸಿದ ಪ್ರಸಿದ್ಧ ವರದಿಯಿಂದೀಚೆಗೆ, ಚಿಕಿತ್ಸೆಯಲ್ಲಿ ಆಗುವ ತಪ್ಪನ್ನು ಮುಚ್ಚದೆ ಹೇಳಿ ಅದರ ಕಾರಣವನ್ನು ಅರಸುವುದೇ ಸುರಕ್ಷತೆಯ ಮೊದಲ ಹೆಜ್ಜೆಯೆಂದು ಒಪ್ಪಲಾಗಿದೆಯಷ್ಟೆ. ಆದರೂ ಇಲ್ಲಿ ಒಂದು ಭೇದವನ್ನು ಮರೆಯಬಾರದು. ಉದ್ದಾಯನನು ರಾಜ, ತಪ್ಪು ತನ್ನದೆಂದು ಒಪ್ಪಿದರ ಫಲವಾಗಿ ಅವನಿಗೆ ದೇವನ ಮೆಚ್ಚುಗೆ ದೊರೆಯಿತು. ಸಂಬಳದ ಆಳಿಗೆ ಆ ಒಪ್ಪಿಗೆಯಿಂದ ದೊರೆಯುವುದು ಬೇರೆ. ತಪ್ಪನ್ನು ಹೇಳಿದವರಿಗೆ ಅಭಯವಿರುವಲ್ಲಿ ಮಾತ್ರ ತಪ್ಪು ಬೆಳಕಿಗೆ ಬರುವುದು.

ಅಭಯವೆಂಬ ಮಾತು ನಮ್ಮನ್ನು ಹಿರೇಕೆರೂರಿನ ನೆರೆಯಲ್ಲಿರುವ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಗೆ ಕರೆದೊಯ್ಯುತ್ತದೆ. ಅಲ್ಲಿಯ ಕೇದಾರೇಶ್ವರ ಸ್ಥಾನಕ್ಕೆ ಸೇರಿದ ಕೋಡಿಯ ಮಠವನ್ನು ೧೧೬೨ರ ಶಾಸನವು ವರ್ಣಿಸಿದೆ. ವೇದ, ವ್ಯಾಕರಣ, ದರ್ಶನ, ಕಾವ್ಯ, ನಾಟಕಗಳನ್ನು ವ್ಯಾಖ್ಯಾನಿಸುವ ಸ್ಥಾನವದು. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಮೊದಲಾದವರಿಗೆ ಅನ್ನವಿಕ್ಕುವ ಸ್ಥಾನ. ದಿಕ್ಕಿಲ್ಲದ ರೋಗಿಗಳಿಗೆ ಮದ್ದು ಕೊಡುವ ಸ್ಥಾನ. ಕೊನೆಯಲ್ಲಿ, ಸಕಲ ಪ್ರಾಣಿಗಳಿಗೂ ಅಭಯವೀಯುವ ಸ್ಥಾನ. ಈ ಗದ್ಯವನ್ನು ಸ್ತುತಿಯ ಆಡಂಬರವೆಂದು ತಳ್ಳಿಹಾಕುವವರೂ ಉಂಟು. ಸ್ಥಾನವೆಂಬ ಒಂದೇ ಪದವನ್ನು ಮತ್ತೆ ಮತ್ತೆ ಹಾಕಿ ವಿದ್ಯೆಯನ್ನೂ ಅನ್ನವನ್ನೂ ಮದ್ದನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, ಆ ಸಾಲನ್ನು ಅಭಯದಲ್ಲಿ ಮುಗಿಸಿದುದು ಶಾಸನಕವಿಯ ವಿವೇಕವೆಂದು ನಾವು ತಿಳಿಯುತ್ತೇವೆ. ಆದರೆ ಇಲ್ಲಿಯೂ ಸ್ಥಾನಕ್ಕೆ ಹೆಸರುಂಟು, ದಾನಿಗೂ ಆಚಾರ್ಯನಿಗೂ ಹೆಸರುಂಟು. ಮದ್ದನ್ನು ಕುಡಿಸಿದವನಿಗೆ ಹೆಸರಿಲ್ಲ.

೭

ಇಷ್ಟನ್ನು ಹೇಳಿದ ಮೇಲೆ ಆರಾಧನಾಪರಂಪರೆಯ ಮಿತಿಯನ್ನು ಹೇಳದಿದ್ದರೆ ವಿಮರ್ಶೆ ಅಪೂರ್ಣವಾದೀತು. ಸಲ್ಲೇಖನವು ಧರ್ಮವ್ರತ, ಆಸ್ಪತ್ರೆಯ ಚಿಕಿತ್ಸೆಯ ಗುರಿಯೇ ಬೇರೆ. ಕ್ಷಪಕನ ಇಷ್ಟಕ್ಕೆ ತಕ್ಕ ಆಹಾರ, ಅವನ ನೋವಿಗೆ ತಕ್ಕ ಮಾತು, ಅವನ ಗುಟ್ಟಿಗೆ ರಕ್ಷೆ ಇವೆಲ್ಲ ಇದ್ದರೂ, ಕವಚದ ಮಾತುಗಳೆಲ್ಲವೂ ಅವನು ಹಿಂದೆ ಹಿಡಿದ ವ್ರತದ ಕಡೆಗೇ ಅವನನ್ನು ತಿರುಗಿಸುವುವು. ನಿನ್ನೆಯ ಸಂಕಲ್ಪಕ್ಕೂ ಇಂದಿನ ಬಯಕೆಗೂ ವಿರೋಧ ಬಂದಾಗ ನಿರ್ಯಾಪಕನು ಸಂಕಲ್ಪದ ಪಕ್ಷವನ್ನು ಹಿಡಿಯುತ್ತಾನೆ. ಇಂದಿನ ಶುಶ್ರೂಷಾಧರ್ಮವು ಮನಸ್ಸು ಬದಲಾದ ರೋಗಿಯ ಮಾತನ್ನೂ ಅಷ್ಟೇ ಗೌರವದಿಂದ ಕೇಳಬೇಕೆನ್ನುತ್ತದೆ. ರೋಗಿಯನ್ನು ಕೇಂದ್ರವಾಗಿಟ್ಟ ದಾದಿಯ ಕಾರ್ಯವನ್ನು ೧೯೬೦ರಲ್ಲಿ ನಿರೂಪಿಸಿದ ಫೇ ಅಬ್ದೆಲ್ಲಾ ಅವರಾಗಲಿ, ಶಾಂತವಾದ ಮರಣಕ್ಕೆ ನೆರವಾಗುವುದನ್ನೂ ಶುಶ್ರೂಷೆಯ ಲಕ್ಷಣದಲ್ಲಿ ಸೇರಿಸಿದ ವರ್ಜೀನಿಯಾ ಹೆಂಡರ್ಸನ್ ಅವರಾಗಲಿ, ರೋಗಿಗಾಗಿ ಒಂದು ಗುರಿಯನ್ನು ಮೊದಲೇ ಗೊತ್ತುಮಾಡಿ ಇಡಲಿಲ್ಲ. ನಮ್ಮ ಸರ್ವೋಚ್ಚ ನ್ಯಾಯಾಲಯವೂ ೨೦೧೮ರಲ್ಲಿ, ಘನತೆಯಿಂದ ಮರಣಹೊಂದುವ ಹಕ್ಕನ್ನು ಮನ್ನಿಸಿ, ಚಿಕಿತ್ಸೆಯನ್ನು ಕುರಿತು ಮುಂಗಡವಾಗಿ ಇಚ್ಛಾಪತ್ರವನ್ನು ಬರೆದಿಡಲು ಒಪ್ಪಿಗೆಯನ್ನಿತ್ತಿತು. ಆ ಪತ್ರವನ್ನು ಬರೆದವನು ಅದನ್ನು ಹಿಂತೆಗೆದುಕೊಳ್ಳಬಹುದೆಂಬುದೂ ಅಲ್ಲಿಯ ವಿಧಿಯಲ್ಲಿ ಸೇರಿದೆ. ಈ ಒಂದು ಬಾಗಿಲು ಕವಚಾಧಿಕಾರದಲ್ಲಿ ಕಾಣುವುದಿಲ್ಲ.

ಆದರೂ ಅದು ಕಲಿಸುವುದು ಬಹಳವಿದೆ. ಇಂದು ನಮ್ಮ ಯಾವ ತಾಲ್ಲೂಕಿನ ಆಸ್ಪತ್ರೆಯಲ್ಲಾದರೂ ಹಾಸಿಗೆಯ ಬಳಿ ರಾತ್ರಿ ಎಚ್ಚರವಿರುವವರು ಬಹುಶಃ ರೋಗಿಯ ತಾಯಿಯೋ ಮಗಳೋ ಸೊಸೆಯೋ ಆಗಿರುತ್ತಾರೆ. ಹೊರಳಿಸುವುದು, ತೊಳೆಯುವುದು, ಉಣಿಸುವುದು ಅವರ ಪಾಲಿನ ಕೆಲಸ. ಹಲವು ಹಾಸಿಗೆಗಳ ನಡುವೆ ಓಡಾಡುವ ದಾದಿಯ ಪಾಲಿಗೆ ಮದ್ದು, ಸೂಜಿ, ದಾಖಲೆಗಳು. ಶಿವಾರ್ಯನ ಹನ್ನೆರಡು ಗುಂಪುಗಳ ಕೆಲಸವನ್ನು ಇವರಿಬ್ಬರು ಹಂಚಿಕೊಂಡಿದ್ದಾರೆ. ತರುವವರು ಬೇರೆ, ತಂದುದನ್ನು ಕಾಯುವವರು ಬೇರೆ, ರಾತ್ರಿಗೆ ಬೇರೆಯವರು ಎಂಬ ಆ ವಿಂಗಡಣೆ ಆಡಂಬರಕ್ಕಾಗಿ ಹುಟ್ಟಿದುದಲ್ಲ. ಒಬ್ಬನ ಕಣ್ತಪ್ಪನ್ನು ಇನ್ನೊಬ್ಬನು ಹಿಡಿಯಲೆಂದು, ಬಳಲಿದವನಿಗೆ ವಿಶ್ರಾಂತಿ ಸಿಗಲೆಂದು ಹುಟ್ಟಿದುದೆಂದು ನಮಗೆ ತೋರುತ್ತದೆ.

ಷ. ಶೆಟ್ಟರ್ ಅವರು ನಿಸಿಧಿಗಳ ಅಭ್ಯಾಸಕ್ಕೆ ಜೀವಮಾನದ ಬಹುಭಾಗವನ್ನು ಮುಡಿಪಾಗಿಟ್ಟು, ಸಾವನ್ನು ಬರಮಾಡಿಕೊಂಡವರ ಚರಿತ್ರೆಯನ್ನು ನಮಗೆ ಕೊಟ್ಟರು. ಅವರ ಬಳಿ ಕುಳಿತಿದ್ದವರ ಚರಿತ್ರೆ ಇನ್ನೂ ಬರೆಯಬೇಕಾಗಿದೆ. ಅದಕ್ಕೆ ಆಕರಗಳು ಇಲ್ಲದಿಲ್ಲ. ಗಾಹೆಗಳಲ್ಲಿ, ಕಥೆಗಳ ಕೊನೆಯ ಪಲ್ಲವಿಯಲ್ಲಿ, ಕಾಂತಾರಭಿಕ್ಷೆಗೆ ಹೊರಟ ಶಿಷ್ಯನ ಸನ್ನಿವೇಶದಲ್ಲಿ, ಉದ್ದಾಯನನ ಆತ್ಮನಿಂದೆಯಲ್ಲಿ ಅವು ಹರಡಿ ಬಿದ್ದಿವೆ. ವಡ್ಡಾರಾಧನೆಯನ್ನು ಇನ್ನು ಮುಂದೆ ಪಾಠಹೇಳುವವರು ಕಥೆಯನ್ನು ಮುಗಿಸಿದ ಮೇಲೆ, ಇದನ್ನು ಯಾರಿಗೆ ಹೇಳುತ್ತಿದ್ದರು, ಹೇಳುತ್ತಿದ್ದವರು ಯಾರು ಎಂದು ವಿದ್ಯಾರ್ಥಿಗಳನ್ನು ಒಮ್ಮೆ ಕೇಳಿದರೆ ಸಾಕು. ಬಂಕಾಪುರದ ಆ ಮೂರು ದಿನಗಳಲ್ಲಿ ಮಾರಸಿಂಹನು ಒಬ್ಬಂಟಿಗನಾಗಿರಲಿಲ್ಲವೆಂಬುದು ಆಗ ಅವರಿಗೆ ತಾನಾಗಿ ಹೊಳೆದೀತು.